ಬಾಣಂತನದ ಬಿಲ್ಲು ಯಾರ ಹೆಸರಿಗೆ?

(ಬಳ್ಳಾರಿಯಲ್ಲಿ ಒಂದು ಭಾನುವಾರ ಸಂಜೆ ಗೆಳೆಯರ ಒತ್ತಾಯಕ್ಕೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ. ನನ್ನ ಭಾಷಣಕ್ಕಿಂತ ಅವೇ ಚೆನ್ನಾಗಿದ್ದವು.)

ಎಲ್ಲರಿಗೂ ನಮಸ್ಕಾರ. ಫ್ಯಾನಿನ ಸದ್ದು ಜಾಸ್ತಿ ಇದೆ. ಆದರೆ ಈ ಬಿಸಿಲೂರಿನಲ್ಲಿ ಅದನ್ನು ಆರಿಸಿ ಅನ್ನುವ ಧೈರ್ಯ ನನಗಿಲ್ಲ. ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತೇನೆ.

ಇವತ್ತು ಒಂದು ಹಳೇ ಲೆಕ್ಕದ ಪುಸ್ತಕ ತಂದಿದ್ದೇನೆ. ನಮ್ಮಪ್ಪನದು. ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಅವರು ಗುಮಾಸ್ತರಾಗಿದ್ದರು. ಗಿರಣಿ ಲೆಕ್ಕ ಬರೆದು ಬರೆದು ಮನೆ ಲೆಕ್ಕವನ್ನೂ ಹಾಗೇ ಬರೆಯುವ ಅಭ್ಯಾಸ. 1991ರ ಪುಟಗಳಲ್ಲಿ ಒಂದು ತಲೆಬರಹ ಇದೆ: ‘ಮಗಳ ಬಾಣಂತನ’. ಆ ಮಗಳು ನಾನೇ. ಕುಬಸದ ಖರ್ಚಿನಿಂದ ಶುರುವಾಗುತ್ತದೆ. ಆಮೇಲೆ ಒಣ ಕೊಬ್ಬರಿ, ಉತ್ತತ್ತಿ, ಅಂಟು, ಗಸಗಸೆ, ಅಳವಿ, ಬೆಲ್ಲ. ತುಪ್ಪ ನಾಲ್ಕು ಸಲ ಬರುತ್ತದೆ. ಕೂಸಿಗೆ ಎರೆಯುವಾಕೆಗೆ ಸೀರೆ. ತೊಟ್ಟಿಲ ಕಾರ್ಯಕ್ಕೆ ಬಂದ ಬೀಗರ ಊಟ. ಐದು ತಿಂಗಳಿಗೆ ಒಟ್ಟು 4,180 ರೂಪಾಯಿ. ಅಪ್ಪನ ಆಗಿನ ಸಂಬಳ ತಿಂಗಳಿಗೆ 1,100.

ಅಂದರೆ ನಾಲ್ಕು ತಿಂಗಳ ಸಂಬಳ ಹತ್ತಿರ ಹತ್ತಿರ. ಇದರಲ್ಲಿ ನಮ್ಮಮ್ಮನ ಕೂಲಿ ಇಲ್ಲ. ಬೆಳಗಿನ ನಾಲ್ಕಕ್ಕೆ ಎದ್ದು ಕುಳ್ಳು ಹಾಕಿ ಹಂಡೆ ನೀರು ಕಾಯಿಸಿದ್ದಕ್ಕೆ ಅಪ್ಪ ಏನೂ ಬರೆದಿಲ್ಲ. ಬರೆಯಬೇಕು ಅಂತ ಅವರಿಗೆ ಹೊಳೆದೂ ಇರಲಿಕ್ಕಿಲ್ಲ.

ಆಗ ನಾನು ಒಂದು ಖಾಸಗಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದೆ. ಏಳು ತಿಂಗಳಾದಾಗ ರಜೆ ಕೇಳಲು ಹೋದೆ. ಆಡಳಿತ ಮಂಡಳಿಯ ಹಿರಿಯರು ಒಳ್ಳೆಯವರೇ. ಕೂರಿಸಿ, ಚಹಾ ಕೊಟ್ಟು, “ಸುಮ್ನೆ ರಾಜೀನಾಮೆ ಬರೆದು ಕೊಟ್ಟು ಹೋಗಮ್ಮ, ಕೂಸು ದೊಡ್ಡದಾದ ಮೇಲೆ ನೋಡೋಣ” ಅಂದರು. ಕೊಟ್ಟೆ. 1961ರ ಹೆರಿಗೆ ಸೌಲಭ್ಯ ಕಾಯ್ದೆ ಅಂತ ಒಂದಿದೆ ಎಂಬುದು ನನಗೆ ಗೊತ್ತಿತ್ತು. ಅರ್ಥಶಾಸ್ತ್ರದ ಮೇಡಂ ಅಲ್ವಾ, ಪುಸ್ತಕದಲ್ಲಿ ಓದಿದ್ದೆ. ಆದರೂ ಬಾಯಿ ಬರಲಿಲ್ಲ.

ಈ ಕತೆ ಯಾಕೆ ಹೇಳಿದೆ ಅಂದರೆ, ಸರ್ಕಾರವೇ ದುಡ್ಡು ಕೊಟ್ಟು ಹೆರಿಗೆ ರಜೆ, ಅಪ್ಪಂದಿರಿಗೂ ರಜೆ ಕೊಡಬೇಕಾ ಬೇಡವಾ ಎಂಬ ಚರ್ಚೆ ಬಂದಾಗಲೆಲ್ಲ ಜನ ಒಂದು ಮಾತು ಹೇಳುತ್ತಾರೆ: “ಇದು ಹೊಸ ಖರ್ಚು, ಪರದೇಶದ ಚಾಳಿ.” ಇಲ್ಲ ಸ್ವಾಮಿ, ಈ ಖರ್ಚು ನಮ್ಮಲ್ಲಿ ಯಾವತ್ತಿನಿಂದಲೂ ಇದೆ. ಬಾಣಂತಿಗೆ ಐದು ತಿಂಗಳು ವಿಶ್ರಾಂತಿ ಬೇಕು ಅಂತ ನಮ್ಮ ಅಜ್ಜಿಯಂದಿರಿಗೆ ಯಾರೂ ಕಾನೂನು ಮಾಡಿ ಹೇಳಿಕೊಡಬೇಕಾಗಿರಲಿಲ್ಲ. ಬಿಲ್ಲನ್ನು ತವರುಮನೆಗೆ ಕಳಿಸುತ್ತಿದ್ದೆವು, ಅಷ್ಟೇ. ತವರಿನ ಕೈಯಲ್ಲಿ ಆಗದಿದ್ದರೆ ಬಾಣಂತಿಯೇ ಕಟ್ಟುತ್ತಿದ್ದಳು. ಇಪ್ಪತ್ತನೇ ದಿನಕ್ಕೆ ಮೆಣಸಿನಕಾಯಿ ಬಿಡಿಸಲು ಹೋಗುವುದು ಅಂದರೆ ಅದೇ.

ಹಾಗಾಗಿ ಇವತ್ತು ನಾನು ಕೇಳುವುದು ಒಂದೇ. ಈ ಬಿಲ್ಲು ಯಾರ ಹೆಸರಿಗೆ ಹೋಗಬೇಕು?

ಈಗಿನ ಕಾನೂನಿಗೆ ಬರೋಣ. 1961ರ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆಯಿತು. ಮೊದಲ ಎರಡು ಮಕ್ಕಳಿಗೆ 12 ವಾರ ಇದ್ದ ರಜೆ 26 ವಾರ ಆಯಿತು. ಐವತ್ತು ಜನ ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕೋಣೆ ಇರಬೇಕು ಎಂದೂ ಬಂತು. ಆಗ ಎಲ್ಲರೂ ಬೆನ್ನು ತಟ್ಟಿಕೊಂಡೆವು. ಎಷ್ಟೋ ಶ್ರೀಮಂತ ದೇಶಗಳಿಗಿಂತ ಜಾಸ್ತಿ ರಜೆ, ನಿಜ. ಆದರೆ ಕಾಯ್ದೆಯ ಪ್ರಕಾರ ಆ 26 ವಾರದ ಸಂಬಳವನ್ನು ಪೂರ್ತಿ ಕೊಡಬೇಕಾದವನು ಮಾಲೀಕ. ಸರ್ಕಾರದ್ದು ಚಪ್ಪಾಳೆ ಮಾತ್ರ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹಳೇ ಕಾಯ್ದೆ ಈಗ ಸಾಮಾಜಿಕ ಭದ್ರತಾ ಸಂಹಿತೆಯ ಒಳಗೆ ಹೋಗಿ ಕೂತಿದೆ. ಮನೆ ಬದಲಾಯಿತು, 26 ವಾರ ಹಾಗೇ ಇದೆ, ಮಾಲೀಕನ ಜೇಬೂ ಹಾಗೇ ಇದೆ.

ಇದರಿಂದ ಏನಾಗುತ್ತದೆ ಅಂತ ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳು ತೋರಿಸಿದಳು. ಎಂ.ಕಾಂ. ಮಾಡಿದಾಕೆ, ಲೆಕ್ಕದಲ್ಲಿ ಬಹಳ ಚುರುಕು. ಸಂದರ್ಶನಕ್ಕೆ ಹೋದ ಕಡೆಯೆಲ್ಲ ಮೂರು ಪ್ರಶ್ನೆ ಕೇಳುತ್ತಿದ್ದರಂತೆ. ಮದುವೆ ಆಗಿದೆಯಾ? ಎಷ್ಟು ವರ್ಷ ಆಯ್ತು? ಮಕ್ಕಳು? ಜಿ.ಎಸ್.ಟಿ. ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ನಾಲ್ಕನೇ ಸಂದರ್ಶನಕ್ಕೆ ಆಕೆ ಕಾಲುಂಗುರ ತೆಗೆದಿಟ್ಟು ಹೋದಳು. ಕೆಲಸ ಸಿಕ್ಕಿತು.

ಆ ಮಾಲೀಕ ಕೆಟ್ಟವನಾ? ನನಗೆ ಹಾಗನ್ನಿಸುವುದಿಲ್ಲ. ಹನ್ನೆರಡು ಜನರ ಅಂಗಡಿ ಅವನದು. ಒಬ್ಬಳು ಆರು ತಿಂಗಳು ರಜೆ ಹೋದರೆ ಅವಳ ಸಂಬಳವೂ ಕೊಡಬೇಕು, ಅವಳ ಜಾಗಕ್ಕೆ ಬಂದವರ ಸಂಬಳವೂ ಕೊಡಬೇಕು. ಗಂಡು ಹುಡುಗನನ್ನು ತಗೊಂಡರೆ ಈ ತಾಪತ್ರಯ ಇಲ್ಲ. ಕಾನೂನೇ ಅವನ ಕಿವಿಯಲ್ಲಿ “ಹೆಣ್ಣುಮಕ್ಕಳನ್ನು ತಗೋಬೇಡ” ಅಂತ ಹೇಳುತ್ತಿದೆ. ತಾಯಂದಿರಿಗಾಗಿ ಮಾಡಿದ ಕಾನೂನು ತಾಯಿ ಆಗಬಹುದಾದ ಎಲ್ಲರನ್ನೂ ಬಾಗಿಲಲ್ಲೇ ನಿಲ್ಲಿಸುತ್ತದೆ.

ಇದನ್ನು ನಮಗಿಂತ ಬಹಳ ಮೊದಲೇ ಕಂಡವರಿದ್ದಾರೆ. 1928ರ ಜುಲೈ ತಿಂಗಳಲ್ಲಿ ಮುಂಬೈ ವಿಧಾನ ಪರಿಷತ್ತಿಗೆ ಹೆರಿಗೆ ಸೌಲಭ್ಯದ ಮಸೂದೆ ಬಂತು. ಗಿರಣಿ ಹೆಂಗಸರಿಗಾಗಿ. ಅದರ ಪರವಾಗಿ ಎದ್ದು ನಿಂತವರಲ್ಲಿ ಒಬ್ಬರು ಡಾ. ಬಿ.ಆರ್. ಅಂಬೇಡ್ಕರ್. ಅವರ ಮಾತಿನ ಸಾರ ಇಷ್ಟು: ಹೆರಿಗೆಗೆ ಮುಂಚೆ ಮತ್ತು ಆಮೇಲೆ ತಾಯಿಗೆ ವಿಶ್ರಾಂತಿ ಸಿಗುವುದು ಇಡೀ ದೇಶದ ಹಿತ. ಹಾಗಾದ ಮೇಲೆ ಅದರ ಹೊರೆಯ ದೊಡ್ಡ ಪಾಲನ್ನು ಸರ್ಕಾರವೇ ಹೊರಬೇಕು, ಇದನ್ನು ನಾನು ಒಪ್ಪುತ್ತೇನೆ. ಅಲ್ಲಿಗೇ ಬಿಡಲಿಲ್ಲ. ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಂಡರೆ ಲಾಭ ಅಂತಲೇ ಮಾಲೀಕ ಇಟ್ಟುಕೊಂಡಿರುತ್ತಾನೆ, ಆದ್ದರಿಂದ ಅವನೂ ಪೂರ್ತಿ ಕೈ ತೊಳೆದುಕೊಳ್ಳುವಂತಿಲ್ಲ ಅಂದರು. ಹೆಚ್ಚಿನದು ಸರ್ಕಾರ, ಸ್ವಲ್ಪ ಮಾಲೀಕ. ಸುಮಾರು ನೂರು ವರ್ಷದ ಹಿಂದೆ!

1929ರಲ್ಲಿ ಕಾಯ್ದೆ ಆಯಿತು. ಆದರೆ ಸರ್ಕಾರ ತನ್ನ ಪಾಲನ್ನು ಎತ್ತಿಕೊಳ್ಳಲಿಲ್ಲ, ಹೊರೆ ಗಿರಣಿಯ ಮೇಲೇ ಬಿತ್ತು. ನಮ್ಮ ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1930ರ ದಶಕದಲ್ಲಿ ಅಲ್ಲೂ ಇಂಥದೇ ಕಾಯ್ದೆ ಬಂತು. ಮುಂಬೈ ಗಿರಣಿಗಳಲ್ಲಿ ಹೆಂಗಸರ ಪಾಲು ಆಮೇಲೆ ಇಳಿಯುತ್ತಾ ಹೋಯಿತು. ಕಾರಣ ಇದೊಂದೇ ಅಂತ ನಾನು ಹೇಳುವುದಿಲ್ಲ, ಯಂತ್ರ ಬಂದವು, ರಾತ್ರಿ ಪಾಳಿಯ ನಿಯಮ ಬಂತು. ಆದರೆ ಮಾಲೀಕರ ಲೆಕ್ಕದಲ್ಲಿ ಇದೂ ಒಂದು ಸಾಲಾಗಿತ್ತು.

ಜಗತ್ತಿನ ಕಾರ್ಮಿಕ ಸಂಘಟನೆ, ಅದೇ ಐ.ಎಲ್.ಒ., 2000ನೇ ಇಸವಿಯ ತನ್ನ ಒಡಂಬಡಿಕೆಯಲ್ಲೂ ಇದನ್ನೇ ಬರೆದಿದೆ. ಕಡಿಮೆ ಅಂದರೆ 14 ವಾರ ರಜೆ, ದುಡ್ಡು ಸಾಮಾಜಿಕ ವಿಮೆಯಿಂದ ಇಲ್ಲವೇ ಸರ್ಕಾರದ ಬೊಕ್ಕಸದಿಂದ. ಒಬ್ಬೊಬ್ಬ ಮಾಲೀಕನ ತಲೆಗೆ ನೇರವಾಗಿ ಕಟ್ಟಬಾರದು. ನಾವು ಅದಕ್ಕೆ ಸಹಿ ಹಾಕಿಲ್ಲ.

ತಮಾಷೆ ಏನೆಂದರೆ, ಸರಿಯಾದ ದಾರಿ ನಮ್ಮ ಮನೆಯಲ್ಲೇ ಇದೆ. ಇ.ಎಸ್.ಐ., ಅಂದರೆ ನೌಕರರ ರಾಜ್ಯ ವಿಮೆ, ಅದರ ಕಾಯ್ದೆ 1948ರದು. ಅದರಲ್ಲಿ ಮಾಲೀಕ ಸಂಬಳದ ನೂರಕ್ಕೆ 3.25, ಕೆಲಸಗಾರ 0.75 ಕಟ್ಟುತ್ತಾರೆ. ಗಂಡಸಿನ ಸಂಬಳದ ಮೇಲೂ ಅಷ್ಟೇ, ಹೆಂಗಸಿನ ಸಂಬಳದ ಮೇಲೂ ಅಷ್ಟೇ. ಇದನ್ನು ಗಮನಿಸಿ. ಹೆರಿಗೆಯ 26 ವಾರದ ದುಡ್ಡು ಆ ನಿಧಿಯಿಂದ ಬರುತ್ತದೆ. ಹಾಗಾಗಿ ಇ.ಎಸ್.ಐ. ಇರುವ ಕಡೆ ಗಂಡಸಿನ ಬದಲು ಹೆಂಗಸನ್ನು ತಗೊಂಡರೆ ಹೆರಿಗೆ ಸಂಬಳದ ಲೆಕ್ಕದಲ್ಲಿ ಮಾಲೀಕನಿಗೆ ಒಂದು ರೂಪಾಯಿಯೂ ಹೆಚ್ಚು ಬೀಳುವುದಿಲ್ಲ. ಇಷ್ಟು ಜಾಣತನದ ಏರ್ಪಾಡು ಎಪ್ಪತ್ತು ವರ್ಷಕ್ಕೂ ಹಿಂದಿನದು! ಆದರೆ ಅದು ಹತ್ತು ಜನಕ್ಕಿಂತ ಕಡಿಮೆ ಇರುವ ಕಡೆ ತಾನಾಗಿ ಹೋಗುವುದಿಲ್ಲ. ತಿಂಗಳಿಗೆ 21,000 ದಾಟಿದವರಿಗೆ ಇಲ್ಲ. ಎಷ್ಟೋ ಕಡೆ ಹದಿನೈದು ಜನ ದುಡಿಯುತ್ತಿದ್ದರೂ ರಿಜಿಸ್ಟರಿನಲ್ಲಿ ಒಂಬತ್ತೇ ಹೆಸರು. ಇಲ್ಲಿ ಕೂತವರಲ್ಲಿ ಕೆಲವರು ನಗುತ್ತಿದ್ದೀರಿ, ಇರಲಿ.

ಇನ್ನು ಉಳಿದವರು. ನಮ್ಮ ದೇಶದಲ್ಲಿ ದುಡಿಯುವ ಹತ್ತು ಹೆಂಗಸರಲ್ಲಿ ಒಂಬತ್ತು ಜನ ಈ ಯಾವ ರಿಜಿಸ್ಟರಿನಲ್ಲೂ ಇಲ್ಲ. ಬಳ್ಳಾರಿಯಲ್ಲೇ ನೋಡಿ. ಕೌಲ್‌ಬಜಾರಿನ ಗಲ್ಲಿಗಳಲ್ಲಿ ಮನೆ ಬಾಗಿಲಲ್ಲಿ ಜೀನ್ಸ್ ಪ್ಯಾಂಟಿನ ರಾಶಿ ಹಾಕಿಕೊಂಡು ದಾರ ಕತ್ತರಿಸುವವರು. ಕುರುಗೋಡು ಕಡೆ ಮೆಣಸಿನಕಾಯಿ ಬಿಡಿಸುವವರು. ಸಂಡೂರಿನಲ್ಲಿ ಒಂದು ಕಾಲಕ್ಕೆ ಸುತ್ತಿಗೆ ಹಿಡಿದು ಅದಿರು ಒಡೆದು ಆರಿಸಿದವರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದಾಗ ಎಲ್ಲರೂ ಮಾಲೀಕರ ನಷ್ಟದ ಲೆಕ್ಕ ಮಾಡಿದರು. ಈ ಹೆಂಗಸರದು ಲೆಕ್ಕಕ್ಕೇ ಇರಲಿಲ್ಲ. ರಾಯಚೂರು, ಕೊಪ್ಪಳದಿಂದ ಬೆಂಗಳೂರಿಗೆ ಗುಳೆ ಹೋಗುವವರು. ಗಾರೆ ಕೆಲಸದ ಜಾಗದಲ್ಲೇ ತಾಡಪಾಲಿನ ಕೆಳಗೆ ಕೂಸು ಮಲಗಿಸಿ ಬುಟ್ಟಿ ಹೊರುವವರು.

ದಿನಗೂಲಿಯವರಿಗೆ ಹಕ್ಕೇ ಇಲ್ಲ ಅಂದುಕೊಳ್ಳಬೇಡಿ. ದೆಹಲಿ ಮಹಾನಗರ ಪಾಲಿಕೆಯಲ್ಲಿ ಮಸ್ಟರ್ ರೋಲಿನ ಮೇಲೆ ದುಡಿಯುತ್ತಿದ್ದ ಹೆಂಗಸರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2000ದಲ್ಲೇ ಅವರಿಗೂ ಹೆರಿಗೆ ಸೌಲಭ್ಯ ಕೊಡಬೇಕು ಅಂದಿತು. ಅಲ್ಲಿ ಹಿಡಿದು ಕೇಳಲು ಒಂದು ಪಾಲಿಕೆ ಇತ್ತು. ಗುಳೆ ಹೋದವಳು ಯಾರನ್ನು ಹಿಡಿಯಬೇಕು? ಮೇಸ್ತ್ರಿಯನ್ನಾ?

ಇಂಥವರಿಗೆ ಸರ್ಕಾರ ಏನೂ ಕೊಡುವುದಿಲ್ಲ ಅಂದರೆ ಸುಳ್ಳಾಗುತ್ತದೆ. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ಇದೆ. 2025-26ಕ್ಕೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370. ಭಾಗಿಸಿ ನೋಡಿ, ಹದಿಮೂರೂವರೆ ದಿನದ ಕೂಲಿ. ಆಫೀಸಿನ ಹೆಣ್ಣುಮಗಳಿಗೆ 26 ವಾರ, ಹೊಲದ ಹೆಣ್ಣುಮಗಳಿಗೆ ಹದಿಮೂರೂವರೆ ದಿನ. ಹೆರಿಗೆ ನೋವು ಮಾತ್ರ ಇಬ್ಬರಿಗೂ ಒಂದೇ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಕಡಿಮೆ ಅಂದರೆ 6,000 ಅಂತ ಬರೆದದ್ದು. ಆಮೇಲೆ ಯೋಜನೆ ಮಾಡುವಾಗ ಅದು 5,000 ಆಯಿತು. ಎರಡನೇ ಮಗುವಿಗೆ 6,000 ಇದೆ, ಆದರೆ ಅದು ಹೆಣ್ಣಾದರೆ ಮಾತ್ರ. ಹೆಣ್ಣು ಭ್ರೂಣ ಉಳಿಯಲಿ ಅನ್ನುವ ಉದ್ದೇಶ ನನಗೆ ಅರ್ಥವಾಗುತ್ತದೆ. ಆದರೂ ಗಂಡು ಹೆತ್ತವಳ ಸೊಂಟಕ್ಕೆ ವಿಶ್ರಾಂತಿ ಬೇಡವಾ? ತಮಿಳುನಾಡು ತನ್ನ ಮುತ್ತುಲಕ್ಷ್ಮಿ ರೆಡ್ಡಿ ಯೋಜನೆಯಲ್ಲಿ 18,000ದವರೆಗೆ ಕೊಡುತ್ತಾ ಬಂದಿದೆ. ಪಕ್ಕದ ರಾಜ್ಯ ಅದು, ಪರದೇಶವೇನಲ್ಲ.

ಈಗ ನಿಜವಾದ ಪರದೇಶದ ಕತೆ ಒಂದು. ಆಸ್ಟ್ರೇಲಿಯಾದ್ದು. ಈ ಜಗಳವನ್ನು ಅವರಷ್ಟು ಬಿಡಿಸಿ ಬಿಡಿಸಿ ಆಡಿದವರು ಕಡಿಮೆ, ಅದಕ್ಕೇ ನನಗೆ ಇಷ್ಟ. ಬಹಳ ವರ್ಷ ಅಲ್ಲಿ ಸರ್ಕಾರದ ಕಡೆಯಿಂದ ಸಂಬಳದ ಹೆರಿಗೆ ರಜೆ ಎಲ್ಲರಿಗೂ ಅಂತ ಇರಲಿಲ್ಲ. 2002ರಲ್ಲಿ ಟೋನಿ ಅಬಾಟ್ ಅನ್ನುವ ಮಂತ್ರಿ, ಕಡ್ಡಾಯ ಸಂಬಳದ ರಜೆ ಬರುವುದಾದರೆ ಅದು ಈ ಸರ್ಕಾರದ ಹೆಣದ ಮೇಲೇ ಬರಬೇಕು ಎನ್ನುವ ಅರ್ಥದ ಮಾತಾಡಿದರು. 2009ರಲ್ಲಿ ಅಲ್ಲಿನ ಉತ್ಪಾದಕತಾ ಆಯೋಗ, ದುಡ್ಡು ತೆರಿಗೆಯಿಂದ ಬರಲಿ ಅಂತ ಶಿಫಾರಸು ಮಾಡಿತು. 2011ರ ಜನವರಿ 1ರಿಂದ ಜಾರಿಗೆ ಬಂತು. 18 ವಾರ, ಎಲ್ಲರಿಗೂ ಒಂದೇ ದರ, ದೇಶದ ಕನಿಷ್ಠ ಕೂಲಿಯ ದರ. ವಕೀಲೆಗೂ ಅಷ್ಟೇ, ಅಂಗಡಿ ಹುಡುಗಿಗೂ ಅಷ್ಟೇ. ಜಾಸ್ತಿ ಕೊಡಬೇಕೆನ್ನುವ ಮಾಲೀಕ ಮೇಲೆ ಸೇರಿಸಿ ಕೊಡಬಹುದು.

ಅಷ್ಟರಲ್ಲಿ ಅಬಾಟ್ ಮನಸ್ಸು ಬದಲಾಗಿತ್ತು. ಬದಲಾದದ್ದು ಎಷ್ಟು ಅಂದರೆ, ಅವರೇ 26 ವಾರ ಪೂರ್ತಿ ಸಂಬಳ ಕೊಡುತ್ತೇನೆ, ದೊಡ್ಡ ಕಂಪನಿಗಳ ಮೇಲೆ ನೂರಕ್ಕೆ ಒಂದೂವರೆ ತೆರಿಗೆ ಹಾಕುತ್ತೇನೆ ಅಂತ ಚುನಾವಣೆಗೆ ಹೋದರು. ಪೂರ್ತಿ ಸಂಬಳ ಅಂದರೆ ದೊಡ್ಡ ಸಂಬಳದವಳಿಗೆ ಆರು ತಿಂಗಳಿಗೆ 75,000 ಡಾಲರ್‌ವರೆಗೆ. ಜನ ಕೇಳಿದರು, ಶ್ರೀಮಂತಳ ಕೂಸಿಗೆ ಸರ್ಕಾರದಿಂದ ಜಾಸ್ತಿ ಯಾಕೆ? ಅವರ ಪಕ್ಷದವರೇ ಕೇಳಿದರು. 2015ರಲ್ಲಿ, ಪ್ರಧಾನಿಯಾಗಿದ್ದಾಗಲೇ, ಅದನ್ನು ಕೈಬಿಟ್ಟರು. ಒಂದೇ ದರದ ಯೋಜನೆ ಉಳಿಯಿತು, ಬೆಳೆಯಿತು. 2023ರಲ್ಲಿ 20 ವಾರ ಆಗಿ, ಆಮೇಲೆ ವರ್ಷಕ್ಕೆ ಎರಡೆರಡು ವಾರ ಸೇರಿಸುತ್ತಾ 2026ರ ಜುಲೈಗೆ 26 ವಾರ ಅಂತ ನಿಗದಿಯಾಯಿತು.

ಅದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು. ಹೆರಿಗೆಗೆ ಮುಂಚಿನ 13 ತಿಂಗಳಲ್ಲಿ 10 ತಿಂಗಳು, ಒಟ್ಟು 330 ಗಂಟೆ ದುಡಿದಿದ್ದರೆ ಸಾಕು. ವಾರಕ್ಕೆ ಒಂದು ದಿನದ ಕೆಲಸದಷ್ಟು. ಒಬ್ಬನೇ ಮಾಲೀಕನ ಹತ್ತಿರ ಇರಬೇಕು ಅಂತಿಲ್ಲ. ಸ್ವಂತ ಹೊಲದಲ್ಲಿ ದುಡಿದದ್ದೂ ಲೆಕ್ಕಕ್ಕೆ ಬರುತ್ತದೆ. ಸಣ್ಣ ಅಂಗಡಿಯವರು ಅಲ್ಲೂ ಗೊಣಗಿದರು. ಸರ್ಕಾರದ ದುಡ್ಡನ್ನು ಮಾಲೀಕನ ಕೈಯಿಂದ ಹಂಚಿಸುವ ಪದ್ಧತಿ ಇಟ್ಟಿದ್ದರು, ಅದರ ಕಾಗದಪತ್ರದ ಕಿರಿಕಿರಿಗೆ. ಆ ಗೊಣಗಾಟ ನ್ಯಾಯವಾದದ್ದೇ. ನಾವು ಮಾಡುವುದಾದರೆ ನೇರ ಖಾತೆಗೆ ಹಾಕೋಣ. ಗೃಹಲಕ್ಷ್ಮಿಗೆ ಮಾಡಿಲ್ವಾ?

ಗೃಹಲಕ್ಷ್ಮಿ ಅಂದ ಕೂಡಲೇ ಹಿಂದಿನ ಸಾಲಿನಲ್ಲಿ ಯಾರೋ “ದುಡ್ಡೆಲ್ಲೈತಿ?” ಅಂದರು. ಕೇಳಿಸಿತು. ಬನ್ನಿ, ಲೆಕ್ಕ ಮಾಡೋಣ. 26 ವಾರ, ವಾರಕ್ಕೆ ಆರು ದಿನ, 156 ದಿನ. ದಿನಕ್ಕೆ 370ರಂತೆ 57,720 ರೂಪಾಯಿ. ಒಂದು ಲಕ್ಷ ತಾಯಂದಿರಿಗೆ 577 ಕೋಟಿ. ಯಾವ ರಜೆಯೂ ಇಲ್ಲದ ಐದು ಲಕ್ಷ ತಾಯಂದಿರು ವರ್ಷಕ್ಕೆ ಅರ್ಜಿ ಹಾಕಿದರು ಅಂತ ಇಟ್ಟುಕೊಳ್ಳಿ, 2,886 ಕೋಟಿ. ರಾಜ್ಯ ಬಜೆಟ್ಟಿನಲ್ಲಿ 2025-26ಕ್ಕೆ ಗೃಹಲಕ್ಷ್ಮಿಗೆ ಇಟ್ಟದ್ದು 28,608 ಕೋಟಿ. ಅದರ ಹತ್ತನೇ ಒಂದು ಭಾಗ. ಸಣ್ಣ ದುಡ್ಡು ಅಂತ ಹೇಳುತ್ತಿಲ್ಲ. ಆದರೆ ಆಕಾಶ ಕಳಚಿ ಬೀಳುವಂಥದ್ದೂ ಅಲ್ಲ. ಸೆಸ್‌ನಿಂದಲೂ ಒಂದಿಷ್ಟು ಎತ್ತಬಹುದು. ಕಟ್ಟಡ ಕಟ್ಟಿದರೆ ಖರ್ಚಿನ ನೂರಕ್ಕೆ ಒಂದು ಸೆಸ್ ಕಟ್ಟಬೇಕು ಅಂತ 1996ರಿಂದ ಕಾನೂನಿದೆ. ಆ ನಿಧಿಯಿಂದ ನೋಂದಾಯಿತ ಕಟ್ಟಡ ಕಾರ್ಮಿಕ ಹೆಂಗಸಿಗೆ ಹೆರಿಗೆ ಸಹಾಯ ಸಿಗುತ್ತದೆ. ಜೀನ್ಸಿಗೆ, ಮೆಣಸಿನಕಾಯಿಗೆ ಅಂಥದ್ದು ಯಾಕಾಗಬಾರದು?

“ದುಡ್ಡು ಕೊಟ್ಟರೆ ಜನ ಸುಮ್ನೆ ಮಕ್ಕಳು ಹೆರ್ತಾರೆ” ಅನ್ನುವವರಿಗೆ ಒಂದೇ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಿಗೆ ಸರಾಸರಿ 1.7 ಮಕ್ಕಳು. ಆ ಹೆದರಿಕೆಯ ಕಾಲ ಮುಗಿಯಿತು.

“ಮೊದಲು ಆಸ್ಪತ್ರೆ ಸರಿ ಮಾಡಿ” ಅನ್ನುವವರ ಮಾತು ಬೇರೆ. ಅದಕ್ಕೆ ನಾನು ತಲೆ ಬಾಗುತ್ತೇನೆ. 2024ರ ನವೆಂಬರ್‌ನಲ್ಲಿ ನಮ್ಮ ಊರಲ್ಲೇ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ರಿಂಗರ್ ಲ್ಯಾಕ್ಟೇಟ್ ಅನ್ನುವ ಡ್ರಿಪ್ ದ್ರಾವಣದ ಮೇಲೆ ಅನುಮಾನ ಬಂದು ರಾಜ್ಯ ಸರ್ಕಾರ ಅದರ ಬಳಕೆ ನಿಲ್ಲಿಸಿತು. ತಾಯಿಯೇ ಇಲ್ಲದ ಮನೆಗೆ ರಜೆಯ ದುಡ್ಡು ತಗೊಂಡು ಏನು ಮಾಡುವುದು? ಆಸ್ಪತ್ರೆ ಮೊದಲು, ಸರಿ. ಆದರೆ ‘ಮೊದಲು’ ಅನ್ನುವುದನ್ನು ‘ಇದು ಬೇಡ’ ಅನ್ನುವುದಕ್ಕೆ ಬಳಸಬೇಡಿ.

ಅಪ್ಪಂದಿರ ವಿಷಯಕ್ಕೆ ಬರುತ್ತೇನೆ. ಸರ್ಕಾರಿ ನೌಕರನಿಗೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿಯವರಿಗೆ ಕಾನೂನಿನಲ್ಲಿ ಏನೂ ಇಲ್ಲ. 2017ರಲ್ಲಿ ಸಂಸದ ರಾಜೀವ್ ಸಾತವ್ ಅವರು ಲೋಕಸಭೆಯಲ್ಲಿ ಖಾಸಗಿ ಸದಸ್ಯರ ಮಸೂದೆ ತಂದರು. ಕೆಲಸಗಾರರು, ಮಾಲೀಕರು, ಕೇಂದ್ರ ಸರ್ಕಾರ ಮೂವರೂ ಸೇರಿ ಒಂದು ನಿಧಿ ಮಾಡಬೇಕು ಅಂತ ಅದರಲ್ಲಿತ್ತು. ಒಳ್ಳೆಯ ಯೋಚನೆ. ಕಾನೂನಾಗಲಿಲ್ಲ.

ನಮ್ಮ ಕಡೆ ಇದನ್ನು ಹೇಳಿದರೆ ನಗುತ್ತಾರೆ. ನಮ್ಮ ಪದ್ಧತಿಯಲ್ಲೇ ಅಪ್ಪನಿಗೆ ಜಾಗ ಇಲ್ಲ. ಹೆಂಡತಿ ತವರಲ್ಲಿ, ಅವನು ಭಾನುವಾರದ ಅತಿಥಿ. ನನ್ನ ಗಂಡ ತೊಟ್ಟಿಲಿಗೆ ಬಂದಾಗ ಅವರಿಗೆ ಹೋಳಿಗೆ ಊಟ, ಹೊಸ ಪಂಚೆ. ಮಗಳನ್ನು ಎತ್ತಿಕೊಳ್ಳಲು ಹೋದರೆ ನಮ್ಮಜ್ಜಿ, “ಕುತ್ತಿಗೆ ನಿಂತಿಲ್ಲ, ನೀವು ಮುಟ್ಟಬ್ಯಾಡ್ರಿ” ಅಂದರು. ಐದು ತಿಂಗಳು ಮುಟ್ಟಲೇ ಇಲ್ಲ. ಆಮೇಲೆ ಮನೆಗೆ ಬಂದ ಮೇಲೆ ಕೂಸು ಅತ್ತರೆ ಗಾಬರಿಯಾಗಿ ನನ್ನ ಮುಖ ನೋಡುತ್ತಿದ್ದರು. ತಪ್ಪು ಅವರದಾ?

ಸ್ವೀಡನ್ 1974ರಲ್ಲೇ ತಾಯಿ ರಜೆಯನ್ನು ತಂದೆ-ತಾಯಿ ರಜೆ ಅಂತ ಮಾಡಿತು, ಯಾರು ಬೇಕಾದರೂ ತಗೊಳ್ಳಿ ಅಂತ. ಬಹಳ ಕಾಲ ತಾಯಂದಿರೇ ತಗೊಂಡರು. 1995ರಲ್ಲಿ ಒಂದು ತಿಂಗಳು ಅಪ್ಪನಿಗೇ ಮೀಸಲು, ಅವನು ಬಿಟ್ಟರೆ ಹಾಳಾಗುತ್ತದೆ ಅಂತ ಮಾಡಿದ ಮೇಲೆ ಗಂಡಸರು ಎದ್ದರು. ಈಗ 480 ದಿನದಲ್ಲಿ 90 ದಿನ ಒಬ್ಬೊಬ್ಬರಿಗೂ ಮೀಸಲು. ನನಗೆ ಇದರಲ್ಲಿ ಮಮತೆಗಿಂತ ಜಾಸ್ತಿ ಕಾಣುವುದು ಸಂದರ್ಶನದ ಕೋಣೆ. ಎದುರಿಗೆ ಕೂತ ಹುಡುಗನೂ ಮೂರು ತಿಂಗಳು ಹೋಗಬಹುದು ಅಂತ ಗೊತ್ತಾದರೆ, ಹುಡುಗಿಯ ಕಾಲುಂಗುರ ನೋಡುವುದು ಯಾಕೆ?

ಇಲ್ಲಿಗೆ ನನ್ನ ಮಾತು ನಿಲ್ಲಿಸಿದೆ. ಇನ್ನು ಪ್ರಶ್ನೆಗಳು.

ಮೊದಲು ಎದ್ದವರು ಒಂದು ಸಣ್ಣ ಜೀನ್ಸ್ ಯೂನಿಟ್ಟಿನ ಮಾಲೀಕರು. “ಮೇಡಂ, ದುಡ್ಡು ಸರ್ಕಾರಾನೇ ಕೊಡ್ಲಿ. ಸೀಸನ್ನಿನಾಗ ಓವರ್‌ಲಾಕ್ ಹಾಕೋ ಟೈಲರ್‌ನ ಎಲ್ಲಿಂದ ತರ್ಲಿ? ಸರ್ಕಾರ ಟೈಲರ್‌ನೂ ಕಳಿಸ್ತೈತಾ?” ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಪ್ರಶ್ನೆ ಗಟ್ಟಿ ಇತ್ತು. ನುರಿತ ಕೈ ಆರು ತಿಂಗಳಿಗೆ ಸಿಗುವುದು ಕಷ್ಟ. ಇಬ್ಬರ ಸಂಬಳ ಕೊಡುವ ಬದಲು ಒಬ್ಬರದು ಕೊಡುತ್ತೀರಿ, ಅಷ್ಟು ಮಾತ್ರ ನಾನು ಹೇಳಬಲ್ಲೆ ಅಂದೆ. ಅವರು ಪೂರ್ತಿ ಒಪ್ಪಲಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ, 15,000ಕ್ಕಿಂತ ಕಡಿಮೆ ಸಂಬಳದವರ 26 ವಾರದಲ್ಲಿ 7 ವಾರದ ಸಂಬಳವನ್ನು ಮಾಲೀಕರಿಗೆ ವಾಪಸ್ ಕೊಡುವ ಪ್ರಸ್ತಾವ ಇದೆ ಅಂದಿತ್ತು. ಅದನ್ನು ನೆನಪಿಸಿದೆ. “ಆಮೇಲೆ?” ಅಂದರು. ಆಮೇಲೆ ಸದ್ದಿಲ್ಲ ಅಂದೆ.

ಹಿರಿಯ ತಾಯಿಯೊಬ್ಬರು ಕೂತಲ್ಲಿಂದಲೇ, “ಗಂಡಸರಿಗೆ ರಜಾ ಕೊಟ್ರ ಇಸ್ಪೀಟ್ ಆಡ್ತಾರವ್ವ” ಅಂದರು. ಕೆಲವರು ಆಡುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಪಕ್ಕದಲ್ಲಿದ್ದ ಮೊಮ್ಮಗ ಅನ್ನಿಸಿದ ಹುಡುಗ ಫೋನ್ ನೋಡುತ್ತಾ ಕೂತಿದ್ದ.

ಕೊನೆಗೆ ಬಾಗಿಲ ಹತ್ತಿರ ನಿಂತಿದ್ದ ಒಬ್ಬ ಹೆಣ್ಣುಮಗಳು ಕೈ ಎತ್ತಿದಳು. ದಾರ ಕತ್ತರಿಸುವ ಕೆಲಸದಾಕೆ. “ಮಾಲೀಕರು, ಮಾಲೀಕರು ಅಂದ್ರಲ್ರೀ. ನಂಗ ಮಾಲೀಕ ಯಾರಂತಾನೇ ಗೊತ್ತಿಲ್ರೀ. ಹುಡುಗ ಒಬ್ಬ ಗಾಡಿ ಮ್ಯಾಲೆ ಪೀಸ್ ತಂದು ಹಾಕ್ತಾನ, ಸಂಜೀಕ ಒಯ್ತಾನ. ನಾಳೆ ಸರ್ಕಾರ ದುಡ್ಡು ಕೊಡ್ತೀನಿ ಅಂದ್ರ ಫಾರಂ ಮ್ಯಾಲೆ ಯಾರ ಸಹಿ ಹಾಕಿಸ್ಲಿ?”

ಕಟ್ಟಡ ಕಾರ್ಮಿಕರ ನೋಂದಣಿಗೆ ವರ್ಷದಲ್ಲಿ 90 ದಿನ ದುಡಿದದ್ದಕ್ಕೆ ಪ್ರಮಾಣಪತ್ರ ಬೇಕು, ಆ ತರಹದ್ದೇನಾದರೂ ಮಾಡಬೇಕಾಗುತ್ತದೆ ಅಂತ ನಾನು ಏನೇನೋ ಹೇಳಿದೆ. ಆಕೆ ಕೇಳಿಸಿಕೊಂಡು, “ನನ್ನ ಮಗಳು ದಿನಾ ಪೀಸ್ ಲೆಕ್ಕ ಬರೀತಾಳ್ರೀ, ಸಾಲಿ ನೋಟ್‌ಬುಕ್ಕಿನಾಗ. ಅದು ನಡೀತೈತೇನು?” ಅಂದಳು.

ಮಂಗಳವಾರ ಆಕೆಯ ಮನೆಗೆ ಹೋಗಿದ್ದೆ. ದೊಡ್ಡ ಮಗಳು ಏಳನೇ ಕ್ಲಾಸು, ಅಕ್ಷರ ದುಂಡಗಿದೆ. ಚಿಕ್ಕದು ಹೊರಸಿನ ಮೇಲೆ ಮಲಗಿತ್ತು. ನೋಟ್‌ಬುಕ್ಕಿನ ಮೇಲೆ ಸ್ಟಿಕ್ಕರಿನಲ್ಲಿ ಮಗಳ ಹೆಸರು, ವಿಷಯ: ಗಣಿತ. ಒಳಗೆ ತಾರೀಖು, ಪೀಸು, ತಾರೀಖು, ಪೀಸು. ಹೆರಿಗೆಯ ಹಿಂದಿನ ದಿನ 140 ಅಂತಿದೆ. ಆಮೇಲೆ ಹತ್ತೊಂಬತ್ತು ತಾರೀಖುಗಳ ಮುಂದೆ ಒಂದೊಂದು ಗೆರೆ. ಇಪ್ಪತ್ತನೇದರ ಮುಂದೆ 35.